ಹಲಬ್ಜಾದ ಮನೆಯಲ್ಲಿ ಏಳು ಲೋಟ

ಶುಕ್ರವಾರ ಹಲಬ್ಜಾಕ್ಕೆ ಹೋಗಿ ಬಂದೆ. ಇವತ್ತು ಬುಧವಾರ. ಅವತ್ತಿನಿಂದ ಎರಡೇ ಮಾತು ತಲೆಯಲ್ಲಿ ಕೂತುಬಿಟ್ಟಿವೆ.

"ಹೌತ್," ಅಂದರು ತಾಯಿ.

"ಶಶ್," ಅಂದ ಮಗ.

ಹೌತ್ ಅಂದರೆ ಏಳು. ಶಶ್ ಅಂದರೆ ಆರು. ನಾನು ಕೇಳಿದ್ದು ಇಷ್ಟೇ: ಎಷ್ಟು ಲೋಟ ಇಡಲಿ?

ಕುರ್ದಿ ಭಾಷೆಯಲ್ಲಿ ನಾನು ಮೊದಲು ಕಲಿತದ್ದೇ ಅಂಕಿಗಳನ್ನು. ನರ್ಸ್ ಕೆಲಸಕ್ಕೆ ಬಂದವಳಿಗೆ ಮಿಕ್ಕಿದ್ದೆಲ್ಲ ಆಮೇಲೆ. ಎಷ್ಟು ಸಲ ವಾಂತಿಯಾಯಿತು, ಜ್ವರ ಬಂದು ಎಷ್ಟು ದಿನ, ಮಗುವಿಗೆ ಎಷ್ಟು ತಿಂಗಳು. ಯೆಕ್, ದೂ, ಸೇ, ಚ್ವಾರ್, ಪೇಂಜ್, ಶಶ್, ಹೌತ್. ಹಿಂದಿ ಗೊತ್ತಿದ್ದವರಿಗೆ ಕಷ್ಟವೇನಲ್ಲ. ಸಾವಿರಕ್ಕೆ ಇವರೂ ಹಜಾರ್ ಅಂತಲೇ ಅನ್ನುತ್ತಾರೆ. ಇರಾಕಿನ ಈ ಸುಲೈಮಾನಿಯಾಕ್ಕೆ ಬಂದು ಮೂರು ವರ್ಷವಾಯಿತು. ಮಾತು ಇನ್ನೂ ತೊದಲುತ್ತದೆ, ಆದರೆ ಅಂಕಿ ಮಾತ್ರ ತಪ್ಪುವುದಿಲ್ಲ. ಹಾಗಾಗಿ ಅವತ್ತು ನಾನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ.

ನಮ್ಮ ವಾರ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳ ಊರು ಹಲಬ್ಜಾ. ಎರಡು ವರ್ಷದಿಂದ ಕರೆಯುತ್ತಲೇ ಇದ್ದಳು. ದಾಳಿಂಬೆ ಕಾಲಕ್ಕೆ ಬಾ, ಆಗ ಊರು ಚೆನ್ನಾಗಿರುತ್ತದೆ ಅನ್ನುತ್ತಿದ್ದಳು. ಒಂದು ಸಲ ನನಗೆ ರಜೆ ಸಿಗಲಿಲ್ಲ, ಇನ್ನೊಂದು ಸಲ ಅವಳಿಗೆ. ಈ ನವೆಂಬರಿನಲ್ಲಿ ಇಬ್ಬರಿಗೂ ಒಂದೇ ಶುಕ್ರವಾರ ಸಿಕ್ಕಿತು.

ಸುಲೈಮಾನಿಯಾದಿಂದ ಎಂಬತ್ತು ಕಿಲೋಮೀಟರ್ ಒಳಗೇ. ಶೇರ್ ಟ್ಯಾಕ್ಸಿ ನಿಲ್ಲುವ ಜಾಗಕ್ಕೆ ಇಲ್ಲಿ ಗರಾಜ್ ಅಂತಾರೆ. ಅಲ್ಲಿ ಹತ್ತಿದೆವು. ಅರ್ಬತ್ ದಾಟಿ, ಸಯ್ಯದ್ ಸಾದಿಕ್ ದಾಟಿ, ರಸ್ತೆ ಶಹರಿಝೋರ್ ಬಯಲಿನಲ್ಲಿ ನೇರವಾಗಿ ಹೋಗುತ್ತದೆ. ಎದುರಿಗೆ ಹವ್ರಾಮಾನ್ ಬೆಟ್ಟಗಳು. ಮರವಿಲ್ಲದ, ಬೂದು ಬಣ್ಣದ, ಎತ್ತರದ ಬೆಟ್ಟ. ಮಲೆನಾಡಿನವಳಿಗೆ ಬೋಳು ಬೆಟ್ಟ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದರ ಆಚೆಗೆ ಇರಾನ್. ಬೆಟ್ಟದ ಬುಡದಲ್ಲಿ ಹಲಬ್ಜಾ. ಇರಾಕಿನ ಒಂದು ಅಂಚಿನಲ್ಲಿರುವ ಚಿಕ್ಕ ಊರು, ಕುರ್ದ್ ಜನರ ಊರು.

ರಸ್ತೆಯ ಎರಡೂ ಕಡೆ ದಾಳಿಂಬೆ ರಾಶಿ ಹಾಕಿಕೊಂಡು ಕೂತಿದ್ದರು. ಇಲ್ಲಿ ಅದಕ್ಕೆ ಹನಾರ್ ಅಂತಾರೆ. ಹಲಬ್ಜಾದ ಹನಾರ್‌ಗೆ ಇಡೀ ಕುರ್ದಿಸ್ತಾನದಲ್ಲಿ, ಅಂದರೆ ಇರಾಕಿನೊಳಗಿನ ಕುರ್ದ್ ಜನರ ಸ್ವಾಯತ್ತ ಪ್ರದೇಶದಲ್ಲಿ, ಹೆಸರು. ಕಾಳು ಕಡುಗೆಂಪು, ಸಿಹಿಯ ಜೊತೆ ಒಂದು ಹುಳಿ. ಈ ಕಾಲಕ್ಕೆ ಊರಲ್ಲಿ ದಾಳಿಂಬೆ ಹಬ್ಬವನ್ನೂ ಮಾಡುತ್ತಾರೆ.

ಮನೆ ಸಣ್ಣದು. ಮುಂದೆ ಅಂಗಳ, ಅಂಗಳದಲ್ಲಿ ಎರಡು ದಾಳಿಂಬೆ ಗಿಡ. ಮನೆಯಲ್ಲಿ ತಾಯಿ, ದೊಡ್ಡ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ನನ್ನ ಗೆಳತಿಯೂ ಸೇರಿದರೆ ಆರು. ತಂದೆ ತೀರಿಕೊಂಡು ಬಹಳ ವರ್ಷವಾಗಿದೆ. ನಾನು ತಾಯಿಯನ್ನು ಪೂರೆ ಅಂತ ಕರೆದೆ. ಚಿಕ್ಕಮ್ಮನಿಗೂ ಅತ್ತೆಗೂ ಇವರಲ್ಲಿ ಅದೊಂದೇ ಪದ. ನಾನು ಹಾಗೆ ಕರೆದದ್ದಕ್ಕೆ ಅವರು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡರು. ಹಾಗೆ ಹಿಡಿದು ತುಂಬಾ ಹತ್ತಿರದಿಂದ ನೋಡಿದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವರ ಕಣ್ಣು ಸರಿಯಾಗಿ ಕಾಣುವುದಿಲ್ಲ.

ಊಟಕ್ಕೆ ಯಾಪ್ರಾಖ್ ಮಾಡಿದ್ದರು. ದ್ರಾಕ್ಷಿ ಎಲೆಯಲ್ಲಿ, ಈರುಳ್ಳಿ ಪದರದಲ್ಲಿ ಅಕ್ಕಿ ತುಂಬಿ ಬೇಯಿಸಿದ್ದು. ದೊಡ್ಡ ತಟ್ಟೆಗೆ ಪಾತ್ರೆಯನ್ನೇ ಬೋರಲು ಹಾಕಿ ತಂದಿಟ್ಟರು. ಊಟವಾದ ಮೇಲೆ ಸುಮ್ನೆ ಕೂರಲು ನನಗೆ ಮನಸ್ಸಾಗಲಿಲ್ಲ. ಅತಿಥಿ ಕೆಲಸ ಮಾಡಿದರೆ ಇಲ್ಲಿಯವರಿಗೆ ಸಂಕೋಚ. ಆದರೂ ಅಡುಗೆಮನೆಗೆ ಹೋದೆ. ಪೂರೆ ಚಹಾ ಕುದಿಸುತ್ತಿದ್ದರು. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಇಸ್ತಿಕಾನ್, ಕಪಾಟಿನಲ್ಲಿ ಸಾಲಾಗಿದ್ದವು. ಎಷ್ಟು ಇಡಲಿ ಅಂತ ಕೇಳಿದೆ.

"ಹೌತ್."

ಸರಿ, ಆರು ಮತ್ತು ನಾನು, ಏಳು ಅಂದುಕೊಂಡೆ. ತೆಗೆಯಲು ಕೈ ಚಾಚಿದೆ. ಬಾಗಿಲಲ್ಲಿ ನಿಂತಿದ್ದ ಮಗ ಅಂದ, "ಶಶ್, ಅಮ್ಮ. ಶಶ್."

ನನ್ನನ್ನು ಬಿಟ್ಟು ಎಣಿಸುತ್ತಿದ್ದಾನಾ? ಹಾಗೆ ಮಾಡುವವರಲ್ಲ ಈ ಜನ. ನಾನು ತಿರುಗಿ ಪೂರೆಯ ಮುಖ ನೋಡಿದೆ. ಅವರು ಒಲೆಯ ಕಡೆಯಿಂದ ತಿರುಗಲೂ ಇಲ್ಲ. ದನಿ ಏರಿಸಲೂ ಇಲ್ಲ. "ಹೌತ್," ಅಂದರು ಮತ್ತೆ. ಮಗ ಹೊರಟುಹೋದ.

ಏಳು ಲೋಟ ಟ್ರೇಯಲ್ಲಿಟ್ಟೆ. ಅವರು ಬೆರಳಿನಿಂದ ಒಂದೊಂದನ್ನೂ ಮುಟ್ಟಿ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನದೆಲ್ಲಿ?" ಅಂದರು.

ಎಂಟನೆಯದನ್ನು ಇಟ್ಟೆ. ಎಂಟಕ್ಕೂ ಅವರು ಸಕ್ಕರೆ ಹಾಕಿದರು. ಚಹಾ ಏಳಕ್ಕೆ ಬಿಟ್ಟರು. ಎಲ್ಲರೂ ಕುಡಿದರು, ಮಕ್ಕಳು ಗಲಾಟೆ ಮಾಡಿದರು, ಟ್ರೇ ವಾಪಸ್ ಒಳಗೆ ಹೋಯಿತು. ಅದರಲ್ಲಿ ಒಂದು ಲೋಟದ ತಳದಲ್ಲಿ ಸಕ್ಕರೆ ಹಾಗೇ ಇತ್ತು. ಯಾರೂ ಅದರ ಬಗ್ಗೆ ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಆದರೆ ಆ ಮಗನ ಮೇಲೆ ನನಗೆ ಸಿಟ್ಟು ಬಂತು. ಅಮ್ಮ ಏನೋ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಹೊರಗಿನವರ ಮುಂದೆ ಅದನ್ನು ತಿದ್ದುವುದು ಏನಿತ್ತು? ಒಂದು ಲೋಟ ಜಾಸ್ತಿ ಆದರೆ ಇವನ ಗಂಟೇನು ಹೋಗುತ್ತಿತ್ತು?

ಸಂಜೆ ಊರು ನೋಡಲು ಹೊರಟೆವು. ಹಲಬ್ಜಾ ಅಂದರೆ ಜಗತ್ತಿಗೆ ಗೊತ್ತಿರುವುದು ಒಂದೇ ದಿನ. 1988ರ ಮಾರ್ಚ್ 16. ಇರಾನ್ ಮತ್ತು ಇರಾಕ್ ಏಳೂವರೆ ವರ್ಷದಿಂದ ಯುದ್ಧ ಮಾಡುತ್ತಿದ್ದವು. ಹಿಂದಿನ ದಿನವಷ್ಟೇ ಇರಾನಿನ ಸೇನೆ ಕುರ್ದ್ ಪೆಶ್ಮೆರ್ಗಾ ಹೋರಾಟಗಾರರ ಜೊತೆ ಬಂದು ಈ ಊರನ್ನು ಹಿಡಿದಿತ್ತು. 16ರಂದು ಬಂದದ್ದು ಸದ್ದಾಂ ಹುಸೇನನ ವಿಮಾನಗಳು. ಅಂದರೆ ತಮ್ಮದೇ ದೇಶದ ವಿಮಾನಗಳು. ಮೊದಲು ಮಾಮೂಲಿ ಬಾಂಬ್ ಹಾಕಿದರು. ಕಿಟಕಿ ಬಾಗಿಲು ಒಡೆದವು, ಜನ ನೆಲಮಾಳಿಗೆಗೆ ಇಳಿದರು. ಬಾಂಬಿಗೆ ಅದೇ ಸುರಕ್ಷಿತ ಜಾಗ ಅಂತ ಯುದ್ಧ ನೋಡಿದ ಎಲ್ಲರಿಗೂ ಗೊತ್ತು. ಆಮೇಲೆ ಅನಿಲ ಬಂತು. ಅದು ಗಾಳಿಗಿಂತ ಭಾರ. ತಗ್ಗು ಹುಡುಕಿಕೊಂಡು ಇಳಿಯುತ್ತದೆ. ಒಡೆದ ಕಿಟಕಿಯಿಂದ ನೇರ ನೆಲಮಾಳಿಗೆಗೇ ಇಳಿಯಿತು.

ಅದಕ್ಕೆ ಇಲ್ಲಿಯವರ ಪದ ಕಿಮ್ಯಾಬಾರಾನ್. ಕಿಮ್ಯಾ ಅಂದರೆ ರಾಸಾಯನಿಕ, ಬಾರಾನ್ ಅಂದರೆ ಮಳೆ. ಇಲ್ಲಿ ಮಳೆ ಕಮ್ಮಿ. ಬಿದ್ದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಾರೆ. ಅಂಥ ಜನ ಆ ದಿನಕ್ಕೂ ಮಳೆಯ ಹೆಸರನ್ನೇ ಕೊಟ್ಟಿದ್ದಾರೆ. ಮೊದಲ ಸಲ ಆ ಪದದ ಅರ್ಥ ತಿಳಿದಾಗ ನನಗೆ ಆ ಇಡೀ ದಿನ ಕೆಲಸ ಮಾಡಲು ಆಗಿರಲಿಲ್ಲ.

ಊರ ಹೊರಗೆ ಸ್ಮಾರಕ ಇದೆ. ಎತ್ತಿ ಹಿಡಿದ ಕೈಗಳ ಹಾಗೆ ಕಾಣುವ ಎತ್ತರದ ಕಟ್ಟಡ, 2003ರಲ್ಲಿ ತೆರೆದದ್ದು. ಒಳಗೆ ದುಂಡನೆಯ ಕೋಣೆಯ ಗೋಡೆ ತುಂಬಾ ಸತ್ತವರ ಹೆಸರು. ಉಮರ್ ಖಾವರ್ ಎಂಬ ತಂದೆ ತನ್ನ ಕೂಸನ್ನು ಅಪ್ಪಿಕೊಂಡು ಹೊಸ್ತಿಲ ಹತ್ತಿರವೇ ಸತ್ತು ಬಿದ್ದಿರುವ ಫೋಟೋ ನೀವೂ ನೋಡಿರುತ್ತೀರಿ. ಟರ್ಕಿಯ ಪತ್ರಕರ್ತ ರಮಝಾನ್ ಓಜ್‌ತುರ್ಕ್ ತೆಗೆದದ್ದು. ಊರಿನಲ್ಲಿ ಅದೇ ಭಂಗಿಯ ಪ್ರತಿಮೆಯೂ ಇದೆ.

ಈ ಸ್ಮಾರಕವನ್ನು 2006ರ ಮಾರ್ಚ್ 16ರಂದು ಊರಿನವರೇ ಸುಟ್ಟರು. ವರ್ಷಕ್ಕೊಮ್ಮೆ ದೊಡ್ಡವರು ಬಂದು ಭಾಷಣ ಮಾಡಿ ಹೋಗುತ್ತಾರೆ, ನಮಗೆ ನೀರಿಲ್ಲ, ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ ಅಂತ ಸಿಟ್ಟು. ಗುಂಡು ಹಾರಿತು, ಒಬ್ಬ ಹುಡುಗ ಸತ್ತ. ಹೊರಗಿನಿಂದ ಕೇಳಿದರೆ, ತಮ್ಮವರ ಹೆಸರಿರುವ ಕಟ್ಟಡಕ್ಕೆ ತಾವೇ ಬೆಂಕಿ ಇಡುವುದಾ ಅನ್ನಿಸುತ್ತದೆ. ನನಗೆ ಹಾಗನ್ನಿಸಲಿಲ್ಲ. ಸತ್ತವರನ್ನು ನೋಡಲು ಬಂದವರು ಬದುಕಿದವರನ್ನು ನೋಡದೆ ಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆಮೇಲೆ ಮತ್ತೆ ಕಟ್ಟಿದರು.

ಎಷ್ಟು ಜನ ಸತ್ತರು ಅಂದರೆ ಎಲ್ಲರೂ 5,000 ಅಂತಾರೆ. ಗಾಯಗೊಂಡವರು 7,000ದಿಂದ 10,000. ಹದಿನಾರು ವರ್ಷ ಆಸ್ಪತ್ರೆಯ ರಿಜಿಸ್ಟರ್ ಬರೆದವಳಿಗೆ ಇಂಥ ದುಂಡು ಸಂಖ್ಯೆ ನೋಡಿದರೆ ಸಂಕಟವಾಗುತ್ತದೆ. ಕೊನೆಯಲ್ಲಿ ಮೂರು ಸೊನ್ನೆ ಇದೆ ಅಂದರೆ ಒಬ್ಬೊಬ್ಬರನ್ನಾಗಿ ಎಣಿಸಲು ಅಲ್ಲಿ ಯಾರೂ ಉಳಿದಿರಲಿಲ್ಲ ಅಂತ ಅರ್ಥ. ಮನೆಮಂದಿಯೆಲ್ಲ ಹೋದ ಮನೆಯ ಲೆಕ್ಕ ಯಾರು ಕೊಡುತ್ತಾರೆ?

ಗೋಡೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ. ಅಲ್ಲಿ ವಿಷ ಕುಡಿದ ರೈತರನ್ನು ತರುತ್ತಿದ್ದರು. ಬಾಯಿ ತುಂಬಾ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗಿರುತ್ತಿತ್ತು. ಅದಕ್ಕೆ ಮದ್ದಾದ ಅಟ್ರೋಪಿನ್ ಇಂಜೆಕ್ಷನ್ನಿನ ಗಾಜಿನ ಶೀಶೆ ಒಡೆದು ಒಡೆದು ನಮ್ಮ ಬೆರಳು ಕುಯ್ದುಹೋಗುತ್ತಿದ್ದವು. ಹಲಬ್ಜಾದಲ್ಲಿ ಬಳಸಿದರು ಅನ್ನುವ ಸರಿನ್, ಟಬುನ್ ಎಂಬ ವಿಷಾನಿಲಗಳು ಕೂಡ ಆ ರೈತರು ಕುಡಿದ ಕೀಟನಾಶಕದ ಕುಲದವೇ. ಟಬುನ್ ಹುಟ್ಟಿದ್ದೇ 1936ರಲ್ಲಿ, ಜರ್ಮನಿಯಲ್ಲಿ, ಬೆಳೆಯ ಹುಳ ಕೊಲ್ಲುವ ಔಷಧಿ ಹುಡುಕುವಾಗ. ಮೈಯೊಳಗೆ ಎರಡೂ ಮಾಡುವ ಕೆಲಸ ಒಂದೇ. ಒಬ್ಬ ರೈತನನ್ನು ಉಳಿಸಿಕೊಳ್ಳಲು ಇಬ್ಬರು ನರ್ಸ್, ಒಬ್ಬ ಡಾಕ್ಟರ್, ಒಂದು ಇಡೀ ರಾತ್ರಿ ಬೇಕಾಗುತ್ತಿತ್ತು. ಇಲ್ಲಿ ಒಂದು ಇಡೀ ಊರು ಒಂದೇ ಸಲ ಹಾಗಾಯಿತು. ಅದರ ಮೇಲೆ ಸಾಸಿವೆ ಅನಿಲ ಬೇರೆ. ಅದು ಕಣ್ಣು ಸುಡುತ್ತದೆ, ಚರ್ಮ ಸುಡುತ್ತದೆ, ಉಳಿದವರ ಶ್ವಾಸಕೋಶವನ್ನು ವರ್ಷಗಟ್ಟಲೆ ತಿನ್ನುತ್ತದೆ. ಗೆಳತಿಯ ತಂದೆ ಹೋದದ್ದು ಹಾಗೆ, ಕೆಮ್ಮಿ ಕೆಮ್ಮಿ. ಈಗಲೂ ನಮ್ಮ ವಾರ್ಡಿಗೆ ಹಲಬ್ಜಾದ ಹಿರಿಯರು ಅದೇ ಕೆಮ್ಮು ಹೊತ್ತು ಬರುತ್ತಾರೆ.

ದಾಳಿಗೆ ಆಜ್ಞೆ ಕೊಟ್ಟ ಅಲಿ ಹಸನ್ ಅಲ್ ಮಜೀದನನ್ನು 2010ರ ಜನವರಿಯಲ್ಲಿ ಗಲ್ಲಿಗೆ ಹಾಕಿದರು. ಸಾಸಿವೆ ಅನಿಲಕ್ಕೆ ಬೇಕಾದ ರಾಸಾಯನಿಕವನ್ನು ಇರಾಕಿಗೆ ಮಾರಿದ ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್‌ಗೆ 2005ರಲ್ಲಿ ಅವನ ದೇಶದ ಕೋರ್ಟ್ 15 ವರ್ಷ ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲಿ ಅದು 17 ಆಯಿತು. ಮಾರಿದವನಿಗೂ ಶಿಕ್ಷೆಯಾಗಿದ್ದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ. ಇಂಥವರು ಸಾಮಾನ್ಯವಾಗಿ ಬಿಲ್ ತೋರಿಸಿ ತಪ್ಪಿಸಿಕೊಳ್ಳುತ್ತಾರೆ.

ಸ್ಮಶಾನದ ಬಾಗಿಲಲ್ಲಿ ಒಂದು ಬೋರ್ಡ್ ಇದೆ. ಸದ್ದಾಂನ ಬಾಥ್ ಪಕ್ಷದವರಿಗೆ ಒಳಗೆ ಬರಲು ಅನುಮತಿ ಇಲ್ಲ ಅಂತ. ಒಳಗೆ ಸಾಲು ಸಾಲು ಬಿಳಿ ಕಲ್ಲುಗಳು. ಪೂರೆ ನಮ್ಮ ಜೊತೆ ಸ್ಮಶಾನಕ್ಕೆ ಬರಲಿಲ್ಲ. ಅಲ್ಲಿ ನನಗೆ ಕೆಲಸವಿಲ್ಲ ಅಂದರು. ಆ ಮಾತಿನ ಅರ್ಥವೂ ಆಗ ನನಗೆ ಆಗಲಿಲ್ಲ.

ಗೆಳತಿಗೆ ಒಂದು ಹಟ. ತನ್ನ ಊರಿಗೆ ಬಂದವರು ಬರೀ ಸಾವನ್ನೇ ನೋಡಿ ಹೋಗಬಾರದು. ವಾಪಸ್ ಬರುವಾಗ ಪೇಟೆಯ ದಾರಿಯಲ್ಲಿ ಆದಿಲಾ ಖಾನುಮ್ ಕಥೆ ಹೇಳಿದಳು. ನೂರು ವರ್ಷದ ಹಿಂದೆ ಈ ಊರನ್ನು ಆಳಿದ ಹೆಂಗಸು. ಜಾಫ್ ಬುಡಕಟ್ಟಿನ ಉಸ್ಮಾನ್ ಪಾಷಾನ ಹೆಂಡತಿ. ಗಂಡ ಇರುವಾಗಲೇ ಆಡಳಿತ ಅವಳ ಕೈಯಲ್ಲಿತ್ತು, 1909ರಲ್ಲಿ ಅವನು ತೀರಿಕೊಂಡ ಮೇಲೆ ಪೂರ್ತಿ ಅವಳದೇ. ಪೇಟೆ ಕಟ್ಟಿಸಿದಳು, ತಾನೇ ಕೂತು ನ್ಯಾಯ ಹೇಳುತ್ತಿದ್ದಳು, ತೋಟ ಹಾಕಿಸಿದಳು. ಬ್ರಿಟಿಷರು ಅವಳಿಗೆ ಕೊಟ್ಟ ಬಿರುದು ಖಾನ್ ಬಹಾದ್ದೂರ್. ನಮ್ಮ ಕಡೆ ಗಂಡಸರಿಗೆ ಕೊಡುತ್ತಿದ್ದ ಅದೇ ಬಿರುದು, ಅಲ್ವಾ? ನಾನು ಅಷ್ಟು ಹೇಳಿದ್ದಕ್ಕೆ ಗೆಳತಿಗೆ ಬಹಳ ಖುಷಿಯಾಯಿತು. ಕುರ್ದಿ ಕಾವ್ಯವನ್ನು ಹೊಸ ದಾರಿಗೆ ತಂದ ಕವಿ ಅಬ್ದುಲ್ಲಾ ಗೋರಾನ್ ಹುಟ್ಟಿದ್ದೂ ಇಲ್ಲೇ, 1904ರಲ್ಲಿ. 2025ರ ಏಪ್ರಿಲಿನಲ್ಲಿ ಬಾಗ್ದಾದಿನ ಸಂಸತ್ತು ಹಲಬ್ಜಾವನ್ನು ಇರಾಕಿನ 19ನೇ ಪ್ರಾಂತ್ಯ ಅಂತ ಒಪ್ಪಿಕೊಂಡಿತು. ಕುರ್ದಿಸ್ತಾನದ ಸರ್ಕಾರ 2014ರಲ್ಲೇ ಒಪ್ಪಿತ್ತು. "ಇಷ್ಟು ಚಿಕ್ಕ ಊರು, ಈಗ ಪ್ರಾಂತ್ಯ," ಅಂತ ಅವಳು ಹೆಮ್ಮೆಯಿಂದಲೇ ಹೇಳಿದಳು. ಜನ ಎಷ್ಟಿದ್ದೀರಿ ಅಂತ ನಾನು ಕೇಳಿದೆ. ಅವಳ ಮುಖ ಸ್ವಲ್ಪ ಬದಲಾಯಿತು.

"ರಾತ್ರಿ ಹೇಳ್ತೀನಿ," ಅಂದಳು.

ಹೊರಡುವಾಗ ಪೂರೆ ಒಂದು ಚೀಲ ದಾಳಿಂಬೆ ಕೊಟ್ಟರು. ಮಗ ಕಾರಿನಲ್ಲಿ ಗರಾಜಿನವರೆಗೆ ಬಿಟ್ಟ. ದಾರಿಯಲ್ಲಿ ಒಂದೇ ಒಂದು ಮಾತಾಡಲಿಲ್ಲ. ಇಳಿಯುವಾಗ ಚೀಲ ತಾನೇ ಎತ್ತಿ ಟ್ಯಾಕ್ಸಿಯ ಡಿಕ್ಕಿಯಲ್ಲಿಟ್ಟ, ಡ್ರೈವರಿಗೆ ನಮ್ಮಿಬ್ಬರ ದುಡ್ಡನ್ನೂ ನಾವು ಬೇಡ ಅಂದರೂ ಕೊಟ್ಟ. ನಾನು ಇನ್ನೂ ಸಿಟ್ಟಿನಲ್ಲೇ ಇದ್ದೆ.

ಸಯ್ಯದ್ ಸಾದಿಕ್ ದಾಟಿದ ಮೇಲೆ, ಕತ್ತಲಲ್ಲಿ, ಗೆಳತಿ ಹೇಳಿದಳು.

ಅವಳಿಗೆ ಇನ್ನೊಬ್ಬ ಅಣ್ಣ ಇದ್ದ. ಅವಳು ನೋಡಿಲ್ಲ. ಅವಳು ಹುಟ್ಟಿದ್ದು 1990ರಲ್ಲಿ, ಇರಾನಿನ ನಿರಾಶ್ರಿತರ ಶಿಬಿರದಲ್ಲಿ. ಆ ಮಗು ಮಾರ್ಚ್ 16ರಂದು ಎಂಟು ತಿಂಗಳದು. ತಂದೆ ಪಕ್ಕದ ಹಳ್ಳಿಗೆ ಹೋಗಿದ್ದರು. ತಾಯಿ ಕೂಸನ್ನು ಎತ್ತಿಕೊಂಡು, ಏಳು ವರ್ಷದ ದೊಡ್ಡ ಮಗನ ಕೈ ಹಿಡಿದು, ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿ, ಬೆಟ್ಟದ ಕಡೆ ಓಡಿದರು. ದಾರಿಯಲ್ಲಿ ಕಣ್ಣು ಕಾಣದಾಯಿತು. ಕೂತುಬಿಟ್ಟರು. ಯಾರೋ ಬಂದು ಕೂಸನ್ನು ಕೈಯಿಂದ ತೆಗೆದುಕೊಂಡರು. ಹೆಂಗಸಿನ ಕೈ ಅಂತ ಗೊತ್ತಾಯಿತಂತೆ. ಆಮೇಲೆ ನೆನಪಿಲ್ಲ. ಎಚ್ಚರವಾದಾಗ ಇರಾನಿನ ಆಸ್ಪತ್ರೆ, ಕಣ್ಣಿಗೆ ಬ್ಯಾಂಡೇಜ್. ವಾರಗಟ್ಟಲೆ ಆದ ಮೇಲೆ ಬ್ಯಾಂಡೇಜ್ ಬಿಚ್ಚಿದಾಗ ದೊಡ್ಡ ಮಗ ಹಾಸಿಗೆ ಪಕ್ಕದಲ್ಲಿದ್ದ. ಕೂಸು ಇರಲಿಲ್ಲ.

ಹೀಗೆ ಹೋದ ಮಕ್ಕಳು ಹಲಬ್ಜಾದಲ್ಲಿ ಬೇಕಾದಷ್ಟು ಇದ್ದಾರೆ. ಗಡಿಯಾಚೆ ಯಾವುದೋ ಮನೆಯಲ್ಲಿ, ಬೇರೆ ಹೆಸರಲ್ಲಿ, ಬೇರೆ ಭಾಷೆಯಲ್ಲಿ ಬೆಳೆದವರು. 2009ರಲ್ಲಿ ಒಬ್ಬ ಹುಡುಗ, ಇರಾನಿನ ಮಶ್ಹದ್‌ನಲ್ಲಿ ಬೆಳೆದವನು, 21 ವರ್ಷದ ಮೇಲೆ ಡಿಎನ್‌ಎ ಪರೀಕ್ಷೆಯಿಂದ ತನ್ನ ತಾಯಿಯನ್ನು ಪಡೆದ. ಆಮೇಲೆ ಇನ್ನೂ ಕೆಲವರು ಬಂದರು. ಪೂರೆ ಅದನ್ನು ಟಿವಿಯಲ್ಲಿ ನೋಡಿದರು. ತಾವೂ ರಕ್ತ ಕೊಟ್ಟು ಬಂದರು. ಈಗಲೂ ಗುರುತು ಸಿಗದೆ ಯಾರಾದರೂ ಬಂದರೆ ಹೊಂದಿಸಿ ನೋಡುತ್ತಾರೆ. ಗೋಡೆಯ ಮೇಲೆ ಆ ಮಗುವಿನ ಹೆಸರಿಲ್ಲ. ಬರೆಸಲು ಪೂರೆ ಒಪ್ಪಲಿಲ್ಲ. ಸ್ಮಶಾನದಲ್ಲಿ ಅವರಿಗೆ ಕೆಲಸವಿಲ್ಲ ಅಂದದ್ದು ಅದಕ್ಕೇ.

ಆಮೇಲೆ ಗಣತಿಯ ವಿಷಯ ಬಂತು.

1987ರ ಅಕ್ಟೋಬರಿನಲ್ಲಿ ಇರಾಕಿನಲ್ಲಿ ಜನಗಣತಿ ಆಯಿತು. ಕುರ್ದ್ ಹಳ್ಳಿಗಳ ಮಟ್ಟಿಗೆ ಅದು ಬರೀ ಎಣಿಕೆ ಆಗಿರಲಿಲ್ಲ. ಸರ್ಕಾರ ನಿಷೇಧಿಸಿದ ಪ್ರದೇಶಗಳಲ್ಲಿದ್ದವರು ಊರು ಬಿಟ್ಟು ಬಂದು ಹೆಸರು ಬರೆಸಬೇಕಿತ್ತು. ಬರೆಸದವರು ದೇಶದ ಪ್ರಜೆಗಳೇ ಅಲ್ಲ ಅಂದರು. ಮುಂದಿನ ವರ್ಷ ಅನ್ಫಾಲ್ ಅನ್ನುವ ಹೆಸರಲ್ಲಿ ಸೇನೆ ಹಳ್ಳಿ ಹಳ್ಳಿಗೆ ನುಗ್ಗಿ ಸಾವಿರಾರು ಜನರನ್ನು ಹೊತ್ತೊಯ್ದು ಕೊಂದಿತು. ಪಟ್ಟಿಯಲ್ಲಿ ಇರದವರನ್ನು ಕೊಲ್ಲಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಲಬ್ಜಾ ಪೇಟೆ ಸರ್ಕಾರದ ಕೈಯಲ್ಲೇ ಇದ್ದದ್ದರಿಂದ ಇವರ ಮನೆಗೆ ಬಂದು ಬರೆದುಕೊಂಡು ಹೋದರು. ಮೂರು ತಿಂಗಳ ಕೂಸಿನ ಹೆಸರೂ ಬರೆದರು. ಆ ಮಗುವಿನ ಹೆಸರಿರುವ ಸರ್ಕಾರಿ ಲೆಕ್ಕ ಅಂದರೆ ಅದೊಂದೇ. ಐದು ತಿಂಗಳಿಗೆ ಅದೇ ಸರ್ಕಾರ ಮೇಲಿಂದ ವಿಷ ಸುರಿಯಿತು. ಈ ಎರಡನ್ನೂ ಒಟ್ಟಿಗೆ ಯೋಚನೆ ಮಾಡಿದರೆ ನನಗೆ ನಿದ್ದೆ ಬರುವುದಿಲ್ಲ.

1997ರ ಗಣತಿಯಲ್ಲಿ ಕುರ್ದ್ ಪ್ರದೇಶವನ್ನು ಸೇರಿಸಲಿಲ್ಲ. ಇಡೀ ದೇಶವನ್ನು ಮತ್ತೆ ಎಣಿಸಿದ್ದು 2024ರ ನವೆಂಬರ್ 20 ಮತ್ತು 21ಕ್ಕೆ. ಎರಡು ದಿನ ಕರ್ಫ್ಯೂ. ನನಗೂ ನೆನಪಿದೆ, ಸುಲೈಮಾನಿಯಾದ ಬೀದಿಗಳು ಖಾಲಿ ಹೊಡೆಯುತ್ತಿದ್ದವು. ನಾಲ್ಕೂವರೆ ಕೋಟಿಗೂ ಜಾಸ್ತಿ ಜನ ಅಂತ ಲೆಕ್ಕ ಬಂತು. ಅದರಲ್ಲಿ ಅರಬ್, ಕುರ್ದ್ ಅನ್ನುವ ಪ್ರಶ್ನೆಯನ್ನೇ ಇಡಲಿಲ್ಲ, ಜಗಳವಾಗುತ್ತದೆ ಅಂತ.

ಆ ಎರಡು ದಿನ ಗೆಳತಿ ಹಲಬ್ಜಾದ ಮನೆಯಲ್ಲಿದ್ದಳು. ಎಣಿಸಲು ಬಂದವರು ಅದೇ ಊರಿನ ಮೇಷ್ಟ್ರು, ಕೈಯಲ್ಲಿ ಟ್ಯಾಬ್. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು. ಪೂರೆ ಏಳು ಅಂದರು. ಮೇಷ್ಟ್ರು ಒಬ್ಬೊಬ್ಬರ ಹೆಸರು ಕೇಳುತ್ತಾ ಹೋದರು. ಪೂರೆ ಎರಡನೇ ಮಗನ ಹೆಸರು ಹೇಳಿದರು. ಹುಟ್ಟಿದ್ದು? 1987, ಬೇಸಿಗೆ. ಅಲ್ಲಿಯವರೆಗೆ ಸರಿಯಾಗಿತ್ತು. ಟ್ಯಾಬಿನಲ್ಲಿ ಮುಂದಿನ ಪ್ರಶ್ನೆಗಳು ಬಂದವು. ಎಲ್ಲಿವರೆಗೆ ಓದಿದ್ದಾನೆ? ಏನು ಕೆಲಸ? ಮದುವೆ ಆಗಿದೆಯಾ?

ಪೂರೆ ಸುಮ್ಮನಾದರು. ಮದುವೆ ಆಗಿದೆಯಾ ಅನ್ನುವುದನ್ನು ಮೂವತ್ತಾರು ವರ್ಷದಲ್ಲಿ ಅವರು ಯೋಚಿಸಿಯೇ ಇರಲಿಲ್ಲವಂತೆ. ಅವರ ಮನಸ್ಸಿನಲ್ಲಿ ಅವನು ದೊಡ್ಡವನಾಗಿದ್ದ, ಆದರೆ ಸುಮ್ನೆ ದೊಡ್ಡವನಾಗಿದ್ದ ಅಷ್ಟೇ. ಹೆಂಡತಿ, ಮಕ್ಕಳು, ತಲೆಯಲ್ಲಿ ಬಿಳಿ ಕೂದಲು ಇರಲಿಲ್ಲ. ಮಗ ಹೇಳಿದ, ಆರು ಅಂತ ಬರೀರಿ ಮಾಮಾ. ಪೂರೆ ಅವತ್ತು ಮಧ್ಯಾಹ್ನದಿಂದ ಮಾರನೆಯ ದಿನದವರೆಗೆ ಅತ್ತರಂತೆ. ಬೆಟ್ಟದಲ್ಲಿ ಕೂಸು ಕಳೆದುಹೋದಾಗ ಕಣ್ಣು ಸುಟ್ಟಿತ್ತು, ಅಳಲೂ ಆಗಿರಲಿಲ್ಲ ಅವರಿಗೆ.

"ಅವತ್ತಿನಿಂದ ಅಣ್ಣ ಆರು ಅಂತಾನೆ," ಅಂದಳು ಗೆಳತಿ. "ಅಮ್ಮ ಏಳು ಅಂದ ಕಡೆಯೆಲ್ಲ ಅವನು ಆರು ಅಂತಾನೆ. ಯಾರಾದ್ರೂ ಮುಂದಿನ ಪ್ರಶ್ನೆ ಕೇಳ್ತಾರೆ ಅಂತ ಅವನಿಗೆ ಭಯ."

ರಕ್ತ ಕೊಡಲು ತಾಯಿಯನ್ನು ಕರೆದುಕೊಂಡು ಹೋದವನು ಅವನೇ. ಮೂರು ಸಲ ಇರಾನಿಗೆ ಹೋಗಿ, ಕೆಲಸ ಬಿಟ್ಟು ವಾರಗಟ್ಟಲೆ ಅಲೆದು, ಆಸ್ಪತ್ರೆಗಳ ಹಳೆಯ ಪಟ್ಟಿ ನೋಡಿ ಬಂದವನು ಅವನೇ. ಏಳು ವರ್ಷದ ಹುಡುಗನಾಗಿದ್ದಾಗ ಆ ಬೆಟ್ಟದ ದಾರಿಯಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದವನೂ ಅವನೇ. ಕೂಸನ್ನು ತೆಗೆದುಕೊಂಡ ಹೆಂಗಸಿನ ಮುಖ ನೋಡಿದವನು ಅವನೊಬ್ಬನೇ, ಆದರೆ ಅದು ಅವನಿಗೆ ನೆನಪಿಗೆ ಬರುವುದಿಲ್ಲವಂತೆ. ನಾನು ಅವನ ಕಾರಿನಲ್ಲಿ ಕೂತು ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಒಂದು ಧನ್ಯವಾದವನ್ನೂ ಸರಿಯಾಗಿ ಹೇಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನಾನು ಅತ್ತೆ. ಡ್ರೈವರ್ ಹಾಡು ಸಣ್ಣಗೆ ಮಾಡಿದ.

"ಶಶ್, ಅಮ್ಮ. ಶಶ್." ಈಗ ಆ ದನಿ ಬೇರೆ ಥರ ಕೇಳುತ್ತದೆ. ಎರಡನೇ ಸಲ ಅವನು ಅದನ್ನು ಮೆತ್ತಗೆ ಅಂದಿದ್ದ. ನಾನು ಗಮನಿಸಿರಲಿಲ್ಲ.

ಊರಿನಲ್ಲಿ ಬಸುರಿಯರಿಗೆ ತಾಯಿ ಕಾರ್ಡ್ ಬರೆಯುವಾಗ ನಾನು ಸಾವಿರಾರು ಸಲ ಕೇಳಿದ್ದೇನೆ. ಎಷ್ಟನೇ ಬಸುರಿ, ಎಷ್ಟು ಹೆರಿಗೆ, ಬದುಕಿರುವ ಮಕ್ಕಳೆಷ್ಟು? ಸತ್ತ ಮಕ್ಕಳಿಗೂ ನಮ್ಮ ಲೆಕ್ಕದಲ್ಲಿ ಜಾಗ ಇದೆ. ಗರ್ಭದಲ್ಲೇ ಹೋದದ್ದಕ್ಕೂ ಇದೆ. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದವನಿಗೆ ಇಲ್ಲ. ಎಷ್ಟೋ ಹೆಂಗಸರು ಈ ಪ್ರಶ್ನೆಗೆ ಒಂದು ಕ್ಷಣ ತಡೆದು ಉತ್ತರ ಕೊಟ್ಟದ್ದು ಈಗ ನೆನಪಾಗುತ್ತಿದೆ. ಸಾಲಿನಲ್ಲಿ ಹಿಂದೆ ಮೂವತ್ತು ಜನ ನಿಂತಿರುತ್ತಿದ್ದರು. ಬೇಗ ಹೇಳಮ್ಮ ಅಂದಿದ್ದೇನೆ.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1991ರಲ್ಲೂ 2001ರಲ್ಲೂ ಜನಗಣತಿಗೆ ಮನೆ ಮನೆ ಸುತ್ತಿದವರು. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ಒಂದು ಗುಡ್ಡ ಅಡ್ಡ. ಕಾಲಿನಲ್ಲಿ ಜಿಗಣೆ ಹತ್ತಿಸಿಕೊಂಡು ಬಂದು, ಜಗಲಿಯಲ್ಲಿ ಕೂತು, ಸಂಜೆ ಹೊತ್ತು ಉದ್ದನೆಯ ಹಾಳೆಗಳನ್ನು ಸರಿ ಮಾಡುತ್ತಿದ್ದದ್ದು ನನಗೆ ನೆನಪಿದೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಯುದ್ಧದ ಬಗ್ಗೆ, ಸದ್ದಾಂ ಬಗ್ಗೆ ಏನೂ ಕೇಳಲಿಲ್ಲ.

"ಆ ಮೇಷ್ಟ್ರು ಎಷ್ಟು ಅಂತ ಬರ್ಕೊಂಡ?"

"ಆರು ಅಂತ, ಅಪ್ಪ."

"ಹೂಂ. ಅವನೇನು ಮಾಡ್ತಾನೆ ಪಾಪ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಶುರು ಮಾಡಿದರು. ತೊಂಬತ್ತೊಂದರಲ್ಲಿ ಒಂದು ಮನೆಗೆ ಹೋಗಿದ್ದರಂತೆ. ಹುಡುಗ ಮನೆ ಬಿಟ್ಟು ಬೊಂಬಾಯಿ ಹೋಟೆಲಿಗೆ ಓಡಿ ಹೋಗಿ ಒಂಬತ್ತು ವರ್ಷವಾಗಿತ್ತು. ಕಾಗದ ಇಲ್ಲ, ಸುದ್ದಿ ಇಲ್ಲ. ತಾಯಿ ಅವನ ಹೆಸರನ್ನೂ ಬರೆಸಿದಳು. ಮನೆಯಲ್ಲಿ ಇಲ್ಲದವನನ್ನು ಬರೆಯಬಾರದು ಅಂತ ಅಪ್ಪನಿಗೆ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು.

"ಅವಳ ಎದುರಿಗೆ ಬರೆದೆ," ಅಂದರು ಅಪ್ಪ. "ಗುಡ್ಡ ಇಳಿದ ಮೇಲೆ ಹೊಡೆದು ಹಾಕಿದೆ."

ಇಷ್ಟು ವರ್ಷದಲ್ಲಿ ನನಗೆ ಅವರು ಇದನ್ನು ಹೇಳಿರಲಿಲ್ಲ. ಫೋನಿನಲ್ಲಿ ಇಬ್ಬರೂ ಸುಮ್ಮನೆ ಇದ್ದೆವು. ಆ ಕಡೆ ಜೀರುಂಡೆ ಸದ್ದು ಕೇಳುತ್ತಿತ್ತು.

"ನೀನು ಎಂಟು ಲೋಟ ಇಟ್ಟೆ ತಾನೇ?" ಅಂದರು.

"ಇಟ್ಟೆ ಅಪ್ಪ."